ಫೇಲ್ ಆದ ಪೈಲಟ್, ಬಿಟ್ಟು ಹೋದ ಪೈಲಟ್

ವಕೀಲರು ಒಮ್ಮೆ ಸನ್ನದು ಪಡೆದು ಬಾರ್ ಪರೀಕ್ಷೆ ಪಾಸಾದರೆ ಮತ್ತೆ ಪರೀಕ್ಷಾ ಕೊಠಡಿಯ ಮುಖ ನೋಡಬೇಕಾಗಿಲ್ಲ. ವಿಮಾನ ಹಾರಿಸುವವರಿಗೆ ಆ ನೆಮ್ಮದಿ ಇಲ್ಲ. ಭಾರತದ ಏರ್‌ಲೈನ್ ಪೈಲಟ್ ವರ್ಷಕ್ಕೆ ಎರಡು ಸಲ ಸಿಮ್ಯುಲೇಟರಿಗೆ ಹೋಗಿ ಪಿಪಿಸಿ, ಅಂದರೆ ಹಾರಾಟ ಸಾಮರ್ಥ್ಯದ ತಪಾಸಣೆ, ಮುಗಿಸಿ ಬರಬೇಕು. ಟೇಕಾಫ್ ಆಗುತ್ತಿರುವಾಗಲೇ ಒಂದು ಎಂಜಿನ್ ಕೈಕೊಡುತ್ತದೆ, ಒಂದೇ ಎಂಜಿನ್‌ನಲ್ಲಿ ಇಳಿಯಬೇಕು, ಇಳಿಯುವ ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲೇರಬೇಕು. ಹಿಂದಿನ ಸೀಟಿನಲ್ಲಿ ಪರೀಕ್ಷಕರು ಕೂತು ಬರೆದುಕೊಳ್ಳುತ್ತಿರುತ್ತಾರೆ. ಇದರ ಜೊತೆಗೆ ಮೆಡಿಕಲ್, ನಿಜವಾದ ಹಾರಾಟದಲ್ಲೇ ನಡೆಯುವ ಲೈನ್ ಚೆಕ್, ವಿಮಾನ ಬದಲಾದರೆ ಟೈಪ್ ರೇಟಿಂಗ್, ಸಹಪೈಲಟ್‌ನ ಬಲಗಡೆ ಸೀಟಿನಿಂದ ಕ್ಯಾಪ್ಟನ್‌ನ ಎಡಗಡೆಗೆ ಬರುವಾಗ ಕಮಾಂಡ್ ಅಪ್‌ಗ್ರೇಡ್. ಇಪ್ಪತ್ತೈದಕ್ಕೆ ಕೆಲಸಕ್ಕೆ ಸೇರಿ 65ಕ್ಕೆ ನಿವೃತ್ತರಾಗುವ ಹೊತ್ತಿಗೆ ಇಂಥ ಪರೀಕ್ಷೆಗಳು ನೂರನ್ನು ದಾಟುತ್ತವೆ.

ಇಷ್ಟೊಂದು ಪರೀಕ್ಷೆ ಬರೆಯುವವರು ಎಲ್ಲೋ ಒಂದು ಕಡೆ ಎಡವುವುದರಲ್ಲಿ ಆಶ್ಚರ್ಯವೇನಿಲ್ಲ. ಎಡವಿದರೆ ಮಾಮೂಲಾಗಿ ನಡೆಯುವುದೂ ಇಷ್ಟೇ: ಅವರನ್ನು ಹಾರಾಟದಿಂದ ಇಳಿಸುತ್ತಾರೆ, ತಪ್ಪಿದ ಭಾಗದ ಮೇಲೆ ಹೆಚ್ಚುವರಿ ತರಬೇತಿ ಕೊಡುತ್ತಾರೆ, ಮತ್ತೆ ಚೆಕ್ ಮಾಡುತ್ತಾರೆ. ಪಾಸಾದರೆ ರೋಸ್ಟರಿಗೆ ವಾಪಸ್. ಕಮಾಂಡ್ ಅಪ್‌ಗ್ರೇಡ್‌ನಲ್ಲಿ ತೇರ್ಗಡೆಯಾಗದವರು ಬಲ ಸೀಟಿಗೇ ಮರಳಿ, ಕಂಪನಿಯ ನಿಯಮದಂತೆ ಕೆಲವು ತಿಂಗಳೋ ಒಂದೆರಡು ವರ್ಷವೋ ಕಾದು, ಮತ್ತೆ ಪ್ರಯತ್ನಿಸುತ್ತಾರೆ. ಹಾಗೆ ಎರಡನೇ ಸಲಕ್ಕೆ ಕ್ಯಾಪ್ಟನ್ ಆಗಿ ಬದುಕಿಡೀ ಚೊಕ್ಕವಾಗಿ ಹಾರಿಸಿದವರಿದ್ದಾರೆ.

ಹಾಗಾದರೆ ಪೈಲಟ್‌ಗಳು ಒಂದು ಫೇಲಿಗೆ ಇಷ್ಟೇಕೆ ಹೆದರುತ್ತಾರೆ? ಆ ಕಂಪನಿಯಲ್ಲಿ ಏನಾಗುತ್ತದೆ ಎಂಬ ಭಯಕ್ಕಿಂತ ಮುಂದಿನ ಕಂಪನಿ ಏನನ್ನುತ್ತದೆ ಎಂಬ ಭಯವೇ ದೊಡ್ಡದು. ಫೇಲ್ ಆಗುವುದು, ಕೆಲಸ ಬದಲಿಸುವುದು ಇವೆರಡನ್ನೂ ನಾವು ಬೇರೆ ಬೇರೆ ವಿಷಯವೆಂದು ಚರ್ಚಿಸುತ್ತೇವೆ. ವಿಮಾನಯಾನದ ಇತಿಹಾಸ ನೋಡಿದರೆ ಇವು ಒಂದೇ ಕಡತದ ಎರಡು ಪುಟಗಳು.

2019ರ ಫೆಬ್ರುವರಿ 23ರಂದು ಅಟ್ಲಾಸ್ ಏರ್ ಕಂಪನಿಯ 3591 ಸಂಖ್ಯೆಯ ಸರಕು ವಿಮಾನ, ಬೋಯಿಂಗ್ 767, ಮಯಾಮಿಯಿಂದ ಹ್ಯೂಸ್ಟನ್ನಿಗೆ ಹೊರಟಿತ್ತು. ಅಮೆಜಾನ್ ಪಾರ್ಸೆಲ್‌ಗಳನ್ನು ಹೊತ್ತಿದ್ದ ವಿಮಾನ. ಇಳಿಯುವ ಹಾದಿಯಲ್ಲಿ ಸುಮಾರು 6,000 ಅಡಿ ಎತ್ತರದಲ್ಲಿದ್ದಾಗ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿಸುವ ಗೋ-ಅರೌಂಡ್ ವ್ಯವಸ್ಥೆ ಅಚಾತುರ್ಯದಿಂದ ಚಾಲೂ ಆಯಿತು. ಎಂಜಿನ್‌ಗಳು ಜೋರಾದವು, ಮೂತಿ ಸ್ವಲ್ಪ ಮೇಲಕ್ಕೆದ್ದಿತು. ಮೋಡದೊಳಗೆ ಹೊರಗಿನದೇನೂ ಕಾಣದಿದ್ದಾಗ ಇಂಥ ವೇಗವರ್ಧನೆ ದೇಹಕ್ಕೆ ಸುಳ್ಳು ಹೇಳುತ್ತದೆ. ವಿಮಾನ ಕಡಿದಾಗಿ ಮೇಲೇರುತ್ತಿದೆ ಎಂದು ಒಳಗಿವಿ ನಂಬಿಸಿಬಿಡುತ್ತದೆ. ಮೀಟರ್‌ಗಳನ್ನು ನೋಡಬೇಕಾಗಿದ್ದ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ದೇಹದ ಮಾತು ಕೇಳಿ ಮೂತಿಯನ್ನು ಕೆಳಕ್ಕೆ ಒತ್ತಿದರು. ಅರ್ಧ ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯಿತು. ಟೆಕ್ಸಾಸಿನ ಟ್ರಿನಿಟಿ ಕೊಲ್ಲಿಯ ಕೆಸರಿಗೆ ವಿಮಾನ ಬಿತ್ತು. ಒಳಗಿದ್ದ ಮೂವರೂ ಸತ್ತರು.

ತನಿಖೆಗಿಳಿದ ಎನ್‌ಟಿಎಸ್‌ಬಿ, ಅಂದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಆ ಫಸ್ಟ್ ಆಫೀಸರ್‌ನ ಹಿಂದಿನ ದಾಖಲೆಗಳನ್ನು ಒಂದೊಂದಾಗಿ ಬಿಚ್ಚಿತು. ಹಲವು ಏರ್‌ಲೈನ್‌ಗಳಲ್ಲಿ ಕೆಲಸ ಮಾಡಿದ್ದ ವ್ಯಕ್ತಿ ಆತ. ಒಂದಕ್ಕಿಂತ ಹೆಚ್ಚು ಕಡೆ ತರಬೇತಿಯಲ್ಲೇ ತೊಡಕು. ಎರಡು ಕಂಪನಿಗಳಲ್ಲಿ ತರಬೇತಿ ಪೂರ್ತಿಯಾಗುವ ಮೊದಲೇ ರಾಜೀನಾಮೆ. ಆ ಎರಡೂ ಕಂಪನಿಗಳ ಹೆಸರು ಅಟ್ಲಾಸ್‌ಗೆ ಕೊಟ್ಟ ಅರ್ಜಿಯಲ್ಲಿ ಇರಲೇ ಇಲ್ಲ. ಇನ್ನೊಂದು ಕಡೆ ಕ್ಯಾಪ್ಟನ್ ಹುದ್ದೆಗೆ ಬಡ್ತಿ ಪಡೆಯುವ ಯತ್ನವೂ ಕೈಗೂಡಿರಲಿಲ್ಲ. ಅನಿರೀಕ್ಷಿತವಾದದ್ದೇನಾದರೂ ಎದುರಾದರೆ ಗಾಬರಿಬಿದ್ದು, ಏನಾದರೊಂದು ಮಾಡಬೇಕೆಂದು, ಯೋಚಿಸದೆ ಗುಂಡಿ ಒತ್ತುವ ಸ್ವಭಾವವಿತ್ತು ಎಂದು ಹಿಂದಿನ ತರಬೇತುದಾರರು ತನಿಖೆಯಲ್ಲಿ ನೆನಪಿಸಿಕೊಂಡರು. ಅಟ್ಲಾಸ್‌ನಲ್ಲೂ 767ರ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣ, ಹೆಚ್ಚುವರಿ ತರಬೇತಿಯ ನಂತರ ಉತ್ತೀರ್ಣ.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಕಾಣುತ್ತಿತ್ತು. ಒಟ್ಟಿಗೆ ಇಟ್ಟು ನೋಡುವವರೇ ಇರಲಿಲ್ಲ. ಪ್ರತಿ ಕಂಪನಿಗೂ ಸಿಕ್ಕಿದ್ದು ಒಂದು ತುಣುಕು. ‘ಒಂದು ಸಲ ಫೇಲ್, ಆಮೇಲೆ ಪಾಸ್’ ಎಂಬ ತುಣುಕಿನಲ್ಲಿ ಅಸಹಜವಾದದ್ದು ಏನೂ ಇಲ್ಲ. ಅಮೆರಿಕದ ಪ್ರಾದೇಶಿಕ ಏರ್‌ಲೈನ್‌ಗಳಲ್ಲಿ ಕಂಪನಿ ಬದಲಿಸುವುದೂ ಮಾಮೂಲು, ಅಲ್ಲಿಂದ ದೊಡ್ಡ ಕಂಪನಿಗೆ ಹಾರುವುದೇ ಎಲ್ಲರ ಗುರಿ. ಹಾಗಾಗಿ ಹೊರಡುವವರನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಫೇಲ್ ಎಂದು ಬರೆಯುವ ಮುನ್ನ ರಾಜೀನಾಮೆ ಬರೆದುಕೊಟ್ಟರೆ ಕಂಪನಿಗೂ ತಲೆನೋವು ತಪ್ಪಿತು, ಪೈಲಟ್‌ಗೂ ಮಾನ ಉಳಿಯಿತು. ಇಬ್ಬರಿಗೂ ಅನುಕೂಲವಾದ ಈ ಏರ್ಪಾಟಿನ ಬೆಲೆ ತೆತ್ತವರು ಬೇರೆಯವರು.

ಬೇಸರವಾಗುವುದು ಇದು ಹೊಸ ಕಥೆಯಲ್ಲ ಎಂಬುದಕ್ಕೆ. 1994ರ ಡಿಸೆಂಬರಿನಲ್ಲಿ ರಾಲಿ-ಡರಂ ವಿಮಾನ ನಿಲ್ದಾಣದ ಹತ್ತಿರ ಅಮೆರಿಕನ್ ಈಗಲ್‌ನ ಪುಟ್ಟ ಜೆಟ್‌ಸ್ಟ್ರೀಮ್ ವಿಮಾನ ಬಿದ್ದು, ಒಳಗಿದ್ದ 20 ಜನರಲ್ಲಿ 15 ಮಂದಿ ಸತ್ತಿದ್ದರು. ಅದರ ಕ್ಯಾಪ್ಟನ್ ಹಿಂದಿನ ಕಂಪನಿಯಲ್ಲಿ ಕೆಲಸ ಸರಿಬರದೆ ರಾಜೀನಾಮೆ ಕೊಟ್ಟು ಹೊರಬಂದವರು. ಹೊಸ ಕಂಪನಿ ಹಳೆಯ ಕಂಪನಿಯನ್ನು ಕೇಳಿರಲಿಲ್ಲ. ಅಂಥ ಅಪಘಾತಗಳ ನಂತರ 1996ರಲ್ಲಿ ಅಮೆರಿಕ ಕಾನೂನೊಂದನ್ನು ತಂದಿತು. ನೇಮಿಸಿಕೊಳ್ಳುವ ಮುನ್ನ ಹಿಂದಿನ ಐದು ವರ್ಷದ ದಾಖಲೆ ತರಿಸಿ ನೋಡಲೇಬೇಕೆಂದಿತು. ಚುಟುಕಾಗಿ ‘ಪ್ರಿಯಾ’ ಎಂದು ಕರೆಯಲಾಗುವ ಈ ಕಾನೂನಿಗೆ ದೊಡ್ಡದೊಂದು ತೂತಿತ್ತು. ಸರ್ಕಾರಿ ಪರೀಕ್ಷಕರ ಮುಂದೆ ಫೇಲ್ ಆದದ್ದು, ಅಲ್ಲಿನವರ ಮಾತಿನಲ್ಲಿ ಪಿಂಕ್ ಸ್ಲಿಪ್, ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಪೈಲಟ್‌ನ ಒಪ್ಪಿಗೆ ಪಡೆದು ಕಂಪನಿಯೇ ಬೇರೆಯಾಗಿ ಕೇಳಿಕೊಳ್ಳಬೇಕಿತ್ತು. ಕೇಳದಿದ್ದರೆ ಇಲ್ಲ.

ಆ ತೂತಿನಲ್ಲಿ ನುಸುಳಿದ್ದು ಕೋಲ್ಗನ್ ಏರ್ 3407. 2009ರ ಫೆಬ್ರುವರಿ 12ರ ರಾತ್ರಿ ಬಫಲೋ ಸಮೀಪ ಅದು ಒಂದು ಮನೆಯ ಮೇಲೆ ಬಿದ್ದು 50 ಜನ ಸತ್ತರು, ಒಬ್ಬರು ಮನೆಯಲ್ಲಿದ್ದವರು. ವೇಗ ಕುಸಿದು ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದಾಗುವ, ಎಚ್ಚರಿಕೆ ಬಂದಾಗ ಮೂತಿ ತಗ್ಗಿಸಬೇಕು, ಇದು ವಿಮಾನ ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಕ್ಯಾಪ್ಟನ್ ಮೂತಿಯನ್ನು ಮೇಲಕ್ಕೆ ಎಳೆದರು. ಕೆಲಸಕ್ಕೆ ಸೇರುವ ಮೊದಲು ಅವರು ಮೂರು ಚೆಕ್‌ರೈಡ್‌ಗಳಲ್ಲಿ, ಅಂದರೆ ಹಾರಾಟ ಪರೀಕ್ಷೆಗಳಲ್ಲಿ, ಫೇಲ್ ಆಗಿದ್ದರು, ಕಂಪನಿಗೆ ಗೊತ್ತಿದ್ದದ್ದು ಒಂದು. ಮೀಟರ್ ನೋಡಿಕೊಂಡು ವಿಮಾನ ನಿಭಾಯಿಸುವ ಬುನಾದಿಯೇ ಅವರಲ್ಲಿ ಗಟ್ಟಿಯಾಗಿರಲಿಲ್ಲವೆಂದು ಎನ್‌ಟಿಎಸ್‌ಬಿ ಬರೆಯಿತು. ಬೇರೆ ಬೇರೆ ವರ್ಷ, ಬೇರೆ ಬೇರೆ ಪರೀಕ್ಷೆ, ಆದರೆ ದೌರ್ಬಲ್ಯ ಅದೇ.

ನೇಮಕಾತಿ ಮಾಡುವವರು ಹುಡುಕಬೇಕಾದದ್ದು ಇದನ್ನೇ. ಹತ್ತೊಂಬತ್ತರ ವಯಸ್ಸಿನಲ್ಲಿ ಅಡ್ಡಗಾಳಿಯ ದಿನ ಸಿಂಗಲ್ ಎಂಜಿನ್ ವಿಮಾನದ ಪರೀಕ್ಷೆ ಕೆಡಿಸಿಕೊಂಡವರಿಗೂ, ಮೂರು ಕಂಪನಿಗಳಲ್ಲಿ ಒತ್ತಡದ ಗಳಿಗೆಯಲ್ಲಿ ಅದೇ ತಪ್ಪು ಮಾಡಿದವರಿಗೂ ಇರುವ ಅಂತರ ಅಗಾಧ. ಮೊದಲನೆಯದನ್ನು ಸಂದರ್ಶನದಲ್ಲಿ ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದು: ಎಲ್ಲಿ ತಪ್ಪಿದೆ, ಆಮೇಲೆ ಏನು ತಿದ್ದಿಕೊಂಡೆ. ಅದೇ ಸಂಗತಿಯನ್ನು ಮುಚ್ಚಿಟ್ಟು ಆಮೇಲೆ ಬಯಲಾದರೆ ಫೇಲ್ ಆದದ್ದು ಪಕ್ಕಕ್ಕೆ ಸರಿದು, ಸುಳ್ಳು ಹೇಳಿದ್ದೇ ಮುಖ್ಯವಾಗುತ್ತದೆ. ಕಾಕ್‌ಪಿಟ್‌ನಲ್ಲಿ ಪಕ್ಕದವರು ತಪ್ಪು ಮಾಡಿದಾಗ ಬಾಯಿಬಿಟ್ಟು ಹೇಳಬೇಕು, ತಾನು ಮಾಡಿದರೆ ಒಪ್ಪಬೇಕು. ಅರ್ಜಿಯಲ್ಲೇ ಅದನ್ನು ಮಾಡಲಾರದವರ ಬಗ್ಗೆ ಕಂಪನಿಗಳು ಹಿಂಜರಿದರೆ ತಪ್ಪೆನ್ನಲಾಗದು.

ಕೋಲ್ಗನ್ ದುರಂತದಲ್ಲಿ ಮಕ್ಕಳನ್ನು, ಗಂಡ-ಹೆಂಡಿರನ್ನು ಕಳೆದುಕೊಂಡ ಕುಟುಂಬಗಳು ವಾಷಿಂಗ್ಟನ್ನಿನ ಬಾಗಿಲು ಬಡಿಯುತ್ತಲೇ ಇದ್ದವು. 2010ರ ಆಗಸ್ಟಿನಲ್ಲಿ ಕಾನೂನು ಬಂತು. ಅದರ ಒಂದು ಭಾಗ ಎಲ್ಲರಿಗೂ ಗೊತ್ತು: ಏರ್‌ಲೈನ್ ಸೇರಲು 1,500 ಗಂಟೆಗಳ ಹಾರಾಟ ಬೇಕೆಂಬ ನಿಯಮ. ಕೋಲ್ಗನ್‌ನ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಎಷ್ಟೋ ಹೆಚ್ಚು ಅನುಭವವಿತ್ತು ಎಂಬುದನ್ನು ಇಲ್ಲಿ ಹೇಳದೆ ಇರಲಾಗುತ್ತಿಲ್ಲ. ಅಪಘಾತಕ್ಕೂ ಆ ಸಂಖ್ಯೆಗೂ ನೇರ ನಂಟೇ ಇರಲಿಲ್ಲ. ನಂಟಿದ್ದದ್ದು ಕಾನೂನಿನ ಇನ್ನೊಂದು ಭಾಗಕ್ಕೆ, ಅಂದರೆ ಪೈಲಟ್ ದಾಖಲೆಗಳ ರಾಷ್ಟ್ರೀಯ ದತ್ತಾಂಶ ಕೋಶಕ್ಕೆ. ಎದ್ದು ಕಾಣುವ ಸಂಖ್ಯೆಯ ನಿಯಮ 2013ರಲ್ಲೇ ಜಾರಿಯಾಯಿತು. ಯಾರ ಕಣ್ಣಿಗೂ ಬೀಳದ ಕಡತದ ಕೆಲಸ ಎಳೆಯುತ್ತಲೇ ಹೋಯಿತು. ಆ ನಡುವೆ ಅಟ್ಲಾಸ್ ವಿಮಾನ ಬಿತ್ತು. ಈ ವಿಳಂಬವನ್ನೂ ಅಪಘಾತಕ್ಕೆ ಪೂರಕವಾದ ಕಾರಣಗಳಲ್ಲೊಂದೆಂದು 2020ರಲ್ಲಿ ಎನ್‌ಟಿಎಸ್‌ಬಿ ಬರೆಯಿತು. ಅಂತಿಮ ನಿಯಮ ಹೊರಬಂದದ್ದು 2021ರ ಜೂನ್‌ನಲ್ಲಿ. ಹಳೆಯ ಪದ್ಧತಿ ಪೂರ್ತಿ ಕೊನೆಗೊಂಡದ್ದು 2024ರ ಸೆಪ್ಟೆಂಬರ್‌ನಲ್ಲಿ.

ಈಗ ಅಲ್ಲಿ ಪೈಲಟ್ ಎಲ್ಲಿ ಫೇಲ್ ಆದರೂ, ಯಾವ ಕಾರಣಕ್ಕೆ ಕೆಲಸ ಬಿಟ್ಟರೂ ಆ ವಿವರ ಒಂದೇ ಕಡೆ ಸೇರುತ್ತದೆ. ಪೈಲಟ್ ಅದನ್ನು ತಾನೂ ನೋಡಬಹುದು, ತಪ್ಪಿದ್ದರೆ ಆಕ್ಷೇಪ ಸಲ್ಲಿಸಬಹುದು. ಹೊಸ ಕಂಪನಿ ಅವರ ಒಪ್ಪಿಗೆ ಪಡೆದು ನೋಡಬೇಕು. ದಾಖಲೆ ಎಷ್ಟು ಕಾಲ ಉಳಿಯುತ್ತದೆಂದರೆ, ಪೈಲಟ್ ಸತ್ತ ಸುದ್ದಿ ತಲುಪುವವರೆಗೆ ಅಥವಾ ಅವರಿಗೆ 99 ವರ್ಷವಾಗುವವರೆಗೆ. ಚಿತ್ರಗುಪ್ತನ ಲೆಕ್ಕವೂ ಇದಕ್ಕಿಂತ ಬಿಗಿಯಾಗಿರಲಾರದು!

ಇದರ ಅಡ್ಡಪರಿಣಾಮವನ್ನೂ ನೋಡಬೇಕು. ಪ್ರತಿ ಫೇಲ್ ಶಾಶ್ವತವೆಂದಾದರೆ ತರಬೇತಿಯ ಕೋಣೆ ಕಲಿಯುವ ಜಾಗವಾಗಿ ಉಳಿಯುವುದು ಕಷ್ಟ. ಸಿಮ್ಯುಲೇಟರ್ ಇರುವುದೇ ತಪ್ಪು ಮಾಡಿ ಕಲಿಯಲು. ಅಲ್ಲಿ ತಪ್ಪಿಗೆ ಹೆದರುವವರು ಗೊತ್ತಿಲ್ಲದ್ದನ್ನು ಕೇಳುವುದಿಲ್ಲ, ಪರೀಕ್ಷೆಗೆ ಬರುವ ನಾಲ್ಕು ಸನ್ನಿವೇಶಗಳನ್ನು ಉರುಹೊಡೆದು ಬರುತ್ತಾರೆ. ಪರೀಕ್ಷಕರ ಕೈಯೂ ತಡೆಯುತ್ತದೆ. ಒಬ್ಬರ ಭವಿಷ್ಯಕ್ಕೆ ಜೀವಮಾನದ ಕಲೆ ಹಚ್ಚುವ ಬದಲು ‘ಇನ್ನೊಂದು ಸಲ ಮಾಡಿ ನೋಡೋಣ’ ಎಂದು ಪಾಸ್ ಮಾಡಿಬಿಡುವ ಆಸೆ ಮನುಷ್ಯಸಹಜ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊ ಕಳೆದ ದಶಕದಿಂದ ಪ್ರೋತ್ಸಾಹಿಸುತ್ತಿರುವ ಸಾಕ್ಷ್ಯಾಧಾರಿತ ತರಬೇತಿ ಈ ಗಂಟನ್ನು ಬಿಡಿಸಲು ನೋಡುತ್ತದೆ. ಅಲ್ಲಿ ಒಂದು ಕಸರತ್ತಿನ ಪಾಸು-ಫೇಲಿಗಿಂತ ನಿರ್ಧಾರ, ಸಂವಹನ, ಕೆಲಸದ ಹೊರೆ ನಿಭಾಯಿಸುವ ಬಗೆ ಇಂಥ ಸಾಮರ್ಥ್ಯಗಳ ಏರಿಳಿತ ಮುಖ್ಯ. ನನ್ನ ಮಟ್ಟಿಗೆ ದಾಖಲೆ ಇರಲೇಬೇಕು. ಆದರೆ ಒಂದು ಒಂಟಿ ಫೇಲನ್ನು ಕಂಡಕೂಡಲೇ ಅರ್ಜಿ ತಿರಸ್ಕರಿಸುವ ಕಂಪ್ಯೂಟರ್ ಜರಡಿಯ ಕೈಗೆ ಅದನ್ನು ಕೊಟ್ಟರೆ, ಮತ್ತೆ ಮುಚ್ಚಿಡುವ ಚಟಕ್ಕೇ ದಾರಿ.

ಇನ್ನು ಕೆಲಸ ಬದಲಿಸುವ ವಿಷಯ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಪೈಲಟ್‌ನ ಬದುಕನ್ನು ನಿರ್ಧರಿಸುವುದು ಸೀನಿಯಾರಿಟಿ ಪಟ್ಟಿ. ಯಾವ ವಿಮಾನ, ಯಾವ ಊರು, ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ, ಯಾವಾಗ ಕ್ಯಾಪ್ಟನ್, ಎಲ್ಲವೂ ಸೇರಿದ ದಿನಾಂಕದ ಮೇಲೆ. ಇನ್ನೊಂದು ಕಂಪನಿಗೆ ಹೋದರೆ ಇಪ್ಪತ್ತು ವರ್ಷದ ಕ್ಯಾಪ್ಟನ್ ಕೂಡ ಪಟ್ಟಿಯ ತಳಕ್ಕೆ, ಬಲ ಸೀಟಿಗೆ, ಮೊದಲ ವರ್ಷದ ಸಂಬಳಕ್ಕೆ. 1991ರಲ್ಲಿ ಈಸ್ಟರ್ನ್, ಪ್ಯಾನ್ ಆ್ಯಮ್ ಎರಡೂ ಮುಚ್ಚಿದಾಗ ನಡುವಯಸ್ಸಿನ ಕ್ಯಾಪ್ಟನ್‌ಗಳು ಹೀಗೆ ಓನಾಮದಿಂದ ಶುರು ಮಾಡಬೇಕಾಯಿತು. ಆದ್ದರಿಂದ ಅಲ್ಲಿನ ಹಿರಿಯ ಪೈಲಟ್‌ಗಳು ಸುಮ್ಮಸುಮ್ಮನೆ ಕಂಪನಿ ಬಿಡುವುದಿಲ್ಲ. ಅವರನ್ನು ಕಟ್ಟಿಹಾಕಲು ಕಂಪನಿಗಳಿಗೆ ಬೇರೆ ಹಗ್ಗ ಬೇಕಿಲ್ಲ.

ನಮ್ಮಲ್ಲಿ ಹಾಗಲ್ಲ. ಭಾರತದ ಕಂಪನಿಗಳು ಬೇರೆ ಕಡೆಯ ಕಮಾಂಡರನ್ನು, ಅಂದರೆ ಕ್ಯಾಪ್ಟನ್ನನ್ನು, ಕಮಾಂಡರ್ ಆಗಿಯೇ ತೆಗೆದುಕೊಳ್ಳುತ್ತವೆ. ಅದೇ ಬಗೆಯ ವಿಮಾನ ಹಾರಿಸುವವರಾದರೆ ಇನ್ನೂ ಒಳ್ಳೆಯದು, ತರಬೇತಿಯ ಖರ್ಚು ಉಳಿಯಿತು. ಹೊಸ ಕಂಪನಿಯೊಂದು ಹುಟ್ಟಿದಾಗ, ಹಳೆಯದೊಂದು ನೂರಾರು ವಿಮಾನಗಳಿಗೆ ಆರ್ಡರ್ ಕೊಟ್ಟಾಗ ಎಡ ಸೀಟಿನವರಿಗೆ ಬೇಡಿಕೆ ಏರುತ್ತದೆ. ಸೀನಿಯಾರಿಟಿ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ನೋಟಿಸ್ ಅವಧಿ ಮತ್ತು ಬಾಂಡ್ ಮಾಡುತ್ತವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2005ರಲ್ಲಿ ಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತು. 2017ರಲ್ಲಿ ಕಮಾಂಡರ್‌ಗಳಿಗೆ ಅದನ್ನು ಒಂದು ವರ್ಷಕ್ಕೆ ಏರಿಸಿತು. ಹೊಸಬರನ್ನು ತಯಾರು ಮಾಡಲು ತಿಂಗಳುಗಟ್ಟಲೆ ಬೇಕು, ಹಠಾತ್ತನೆ ಬಿಟ್ಟರೆ ವಿಮಾನ ರದ್ದಾಗಿ ಪ್ರಯಾಣಿಕರು ಪರದಾಡುತ್ತಾರೆ ಎಂಬುದು ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. 2023ರಲ್ಲಿ ಆಕಾಶ ಏರ್‌ನ 43 ಪೈಲಟ್‌ಗಳು ನೋಟಿಸ್ ಪೂರೈಸದೆ ಹೊರಟಾಗ ಕಂಪನಿ ಹಲವು ವಿಮಾನಗಳನ್ನು ರದ್ದು ಮಾಡಿ, ಪೈಲಟ್‌ಗಳ ಮೇಲೆ ಬಾಂಬೆ ಹೈಕೋರ್ಟಿಗೂ ಡಿಜಿಸಿಎ ಮಧ್ಯಪ್ರವೇಶಿಸಬೇಕೆಂದು ದೆಹಲಿ ಹೈಕೋರ್ಟಿಗೂ ಹೋಯಿತು. ಉದ್ಯೋಗ ಒಪ್ಪಂದದ ಜಗಳದಲ್ಲಿ ತಾನು ತಲೆಹಾಕಲಾರೆ ಎಂದು ಡಿಜಿಸಿಎ ಹೇಳಿತು. ನಿಯಮ ಮಾಡಿದವರೇ ಹಾಗೆಂದದ್ದು ಸೋಜಿಗ. 2025ರಲ್ಲಿ ಭಾರತ ಐಕಾವೊದ ಮುಂದೆಯೂ ಇದೇ ರಾಗ ಹಾಡಿತು: ವಿದೇಶಿ ಕಂಪನಿಗಳು ನಮ್ಮ ಪೈಲಟ್‌ಗಳನ್ನು ಸೆಳೆದುಕೊಳ್ಳುತ್ತಿವೆ, ಅದಕ್ಕೊಂದು ನೀತಿಸಂಹಿತೆ ಬೇಕು.

ಇನ್ನೊಂದು ಮಗ್ಗುಲು ಬೆಂಗಳೂರಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಇಲ್ಲೇ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಿಲ್ಲದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ಪೈಲಟ್ ಒಂದು ವರ್ಷ ಮುಂಚೆ ಹೇಳಿ ಹೋಗಬೇಕು, ಕಂಪನಿ ಒಂದು ದಿನ ಮುಂಚೆ ಹೇಳಿ ಮುಚ್ಚಬಹುದು. ಕಂಪನಿ ಮುಳುಗುವ ವಾಸನೆ ಬಡಿದರೂ ನೋಟಿಸ್ ಅವಧಿಯ ಕಾರಣಕ್ಕೆ ಕೂತಿರಬೇಕಾದವರಿಗೆ ನೀತಿಸಂಹಿತೆಯ ಪಾಠ ರುಚಿಸದಿದ್ದರೆ ಆಶ್ಚರ್ಯವಿಲ್ಲ. ಮುಚ್ಚಿದ ನಂತರದ ಬದುಕು ಹಾರಿಸುತ್ತಿದ್ದ ವಿಮಾನದ ಮೇಲೆ ನಿಂತಿರುತ್ತದೆ. ಜೆಟ್‌ನ 737 ಪೈಲಟ್‌ಗಳಲ್ಲಿ ಎಷ್ಟೋ ಜನರನ್ನು ಅದೇ ವಿಮಾನ ಇಟ್ಟುಕೊಂಡಿದ್ದ ಸ್ಪೈಸ್‌ಜೆಟ್ ತೆಗೆದುಕೊಂಡಿತು. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಆಗಷ್ಟೇ ಸೇರಿ ಇನ್ನೂ ‘ರಿಲೀಸ್’ ಆಗದ, ಅಂದರೆ ತರಬೇತುದಾರರಿಲ್ಲದೆ ಹಾರಿಸಲು ಅನುಮತಿ ಸಿಗದ, ತರಬೇತಿಯ ಫಸ್ಟ್ ಆಫೀಸರ್‌ಗಳು. ಟೈಪ್ ರೇಟಿಂಗ್‌ಗೆ ಲಕ್ಷಗಟ್ಟಲೆ ಸುರಿದಾಗಿದೆ, ಪ್ರಯಾಣಿಕರ ವಿಮಾನದಲ್ಲಿ ಗಂಟೆಗಳು ಮಾತ್ರ ಇಲ್ಲ. ತಿಂಗಳು ಕಳೆದಂತೆ ಕೈ ಆರುತ್ತದೆ, ಪಿಪಿಸಿ ಅವಧಿ ಮುಗಿಯುತ್ತದೆ, ಬ್ಯಾಂಕಿನ ಕಂತು ಮಾತ್ರ ತಪ್ಪುವುದಿಲ್ಲ. ಹೊಲ ಅಡವಿಟ್ಟೋ ಸೈಟು ಮಾರಿಯೋ ಮಗನನ್ನೋ ಮಗಳನ್ನೋ ಕಮರ್ಷಿಯಲ್ ಲೈಸೆನ್ಸ್‌ಗೆ ಕಳಿಸಿದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹೀಗೆ ಎರಡು ವರ್ಷ ನೆಲದಲ್ಲಿದ್ದವರು ಮತ್ತೆ ಸಿಮ್ಯುಲೇಟರಿಗೆ ಹೋಗಿ ಒಂದು ಚೆಕ್‌ನಲ್ಲಿ ತಪ್ಪಿದರೆ ಅದನ್ನು ಅಸಾಮರ್ಥ್ಯವೆನ್ನಬೇಕೋ ಅಂತರದ ಫಲವೆನ್ನಬೇಕೋ? ಹಾಳೆಯ ಮೇಲೆ ಎರಡೂ ಒಂದೇ ಪದ.

ನನಗೆ ಕಾಣುವ ಕೊರತೆ ಇಲ್ಲಿಯೇ ಇದೆ. ಅಮೆರಿಕದಲ್ಲಿ ಜಗಳವೆಲ್ಲ ನಡೆದದ್ದು ಪೈಲಟ್‌ನ ಜೊತೆ ಅವರ ಚರಿತ್ರೆಯೂ ಹೋಗಬೇಕು ಎಂಬುದಕ್ಕಾಗಿ. ನಮ್ಮ ಜಗಳವೆಲ್ಲ ಪೈಲಟ್ ಹೋಗಬಾರದು ಎಂಬುದರ ಸುತ್ತ. ದಾಖಲೆಯ ವಿಷಯ ನಮಗೆ ನೆನಪಾಗುವುದು ಹಗರಣ ಆದಾಗ. 2011ರ ಜನವರಿಯಲ್ಲಿ ಗೋವಾದಲ್ಲಿ ಖಾಸಗಿ ಕಂಪನಿಯ ಎ320 ವಿಮಾನವೊಂದು ಮೂತಿಯ ಚಕ್ರ ಮೊದಲು ತಾಗುವಂತೆ ಇಳಿಯಿತು. ಆ ಎಳೆ ಹಿಡಿದು ಹೊರಟ ಡಿಜಿಸಿಎ, ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ ಆ ಪೈಲಟ್ ಕೊಟ್ಟಿದ್ದ ಅಂಕಪಟ್ಟಿಯೇ ನಕಲಿ ಎಂದಿತು. ಬಂಧನಗಳಾದವು, ಸಾವಿರಾರು ಲೈಸೆನ್ಸ್‌ಗಳ ಮರುಪರಿಶೀಲನೆ ನಡೆಯಿತು. ಪಾಕಿಸ್ತಾನ ಇದಕ್ಕಿಂತ ದುಬಾರಿ ಪಾಠ ಕಲಿತಿದೆ. 2020ರಲ್ಲಿ ಕರಾಚಿ ಅಪಘಾತದ ನಂತರ ದೇಶದ 860 ಪೈಲಟ್‌ಗಳಲ್ಲಿ 262 ಮಂದಿಯ ಲೈಸೆನ್ಸ್ ಅನುಮಾನಾಸ್ಪದವೆಂದು ಅಲ್ಲಿನ ವಿಮಾನಯಾನ ಸಚಿವರೇ ಸಂಸತ್ತಿನಲ್ಲಿ ಹೇಳಿದರು. ಯುರೋಪು ಪಾಕಿಸ್ತಾನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ಗೆ (ಪಿಐಎ) ಬಾಗಿಲು ಹಾಕಿತು. ಮತ್ತೆ ತೆರೆದದ್ದು 2024ರ ಕೊನೆಯಲ್ಲಿ. ಪ್ರಾಮಾಣಿಕವಾಗಿ ಓದಿ ಪಾಸಾದವರೂ ವಿದೇಶಿ ಕಂಪನಿಗಳಲ್ಲಿ ಸಂಶಯದ ಕಣ್ಣಿಗೆ ಬಿದ್ದರು.

ಕಂಪನಿ ಬಿಡಲು ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಅದರಲ್ಲಿ ಬಾಕಿ ಇದೆಯೇ ಇಲ್ಲವೇ ಎಂಬುದು ಗೊತ್ತಾದೀತೇ ಹೊರತು, ಆ ವ್ಯಕ್ತಿ ಒಂದು ಎಂಜಿನ್ ನಿಂತಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಉಳಿದದ್ದನ್ನು ತಿಳಿಯುವುದು ಫೋನಿನಲ್ಲಿ. ನಮ್ಮ ವೃತ್ತಿಲೋಕ ಚಿಕ್ಕದು, ಒಬ್ಬ ಟ್ರೇನಿಂಗ್ ಕ್ಯಾಪ್ಟನ್ ಇನ್ನೊಬ್ಬರಿಗೆ ಕರೆ ಮಾಡಿ ‘ಹೇಗಪ್ಪಾ ಅವನು?’ ಎಂದು ಕೇಳಿದರೆ ಮುಗಿಯಿತು. ಆ ಉತ್ತರ ನಿಜವಿರಬಹುದು, ಹಳೆಯ ಸಿಟ್ಟೂ ಇರಬಹುದು. ಯಾರ ಬಗ್ಗೆ ಹೇಳಲಾಯಿತೋ ಅವರಿಗೆ ಅದು ತಿಳಿಯುವುದೂ ಇಲ್ಲ, ಆಕ್ಷೇಪಿಸುವ ಜಾಗವೂ ಇಲ್ಲ. ಬರೆದಿಟ್ಟ ದಾಖಲೆಯ ಬಗ್ಗೆ ಪೈಲಟ್ ಸಂಘಟನೆಗಳಿಗೆ ಇರುವ ಭಯ ಅರ್ಥವಾಗುತ್ತದೆ, ಆದರೆ ಫೋನಿನ ಮಾತಿಗಿಂತ ಕೈಗೆ ಸಿಗುವ ಕಡತವೇ ಪೈಲಟ್‌ಗೆ ಕ್ಷೇಮ.

ಅಂಥದ್ದೊಂದು ವ್ಯವಸ್ಥೆ ಬರುವವರೆಗೆ ಈ ವೃತ್ತಿಗೆ ಕಾಲಿಡುವವರು ಮಾಡಬಹುದಾದದ್ದು ಕಡಿಮೆ, ಆದರೆ ಇಲ್ಲವೆಂದಲ್ಲ. ಪ್ರತಿ ಚೆಕ್‌ನ ಫಲಿತಾಂಶ, ಪರೀಕ್ಷಕರ ಟಿಪ್ಪಣಿ, ಮರುತರಬೇತಿಯ ವಿವರ, ಇವುಗಳ ಪ್ರತಿಯನ್ನು ಕೆಲಸದಲ್ಲಿದ್ದಾಗಲೇ ಕೇಳಿ ಇಟ್ಟುಕೊಳ್ಳಬೇಕು. ಅರ್ಜಿಯಲ್ಲಿ ಮೂರು ತಿಂಗಳು ಇದ್ದ ಕಂಪನಿಯ ಹೆಸರನ್ನೂ ಬಿಡಬಾರದು. ಬಾಂಡ್‌ಗೆ ಸಹಿ ಹಾಕುವ ಮುನ್ನ, ತರಬೇತಿಯಲ್ಲಿ ತೇರ್ಗಡೆಯಾಗದಿದ್ದರೆ ಹಣ ಯಾರ ಪಾಲಿಗೆ, ಕಂಪನಿಯೇ ಮುಚ್ಚಿದರೆ ಬಾಂಡ್ ಏನಾಗುತ್ತದೆ ಎಂಬ ಎರಡು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಬೇಕು. ಕಂಪನಿ ಮುಚ್ಚಿದ ಮೇಲೆ ದಿವಾಳಿ ಪ್ರಕ್ರಿಯೆಯ ಅಧಿಕಾರಿಗೆ ವಿಮಾನ, ಜಾಗ, ಸಾಲದ ಲೆಕ್ಕವೇ ಕುತ್ತಿಗೆಯವರೆಗೆ ಇರುತ್ತದೆ. ಎಂದೋ ನಡೆದ ಪಿಪಿಸಿಯ ಕಾಗದ ಹುಡುಕಿಕೊಡಿ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ.